ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಎಷ್ಟು ಲಾಭ?

ಚೆನ್ನೈನ ತಾಂಬರಂನಲ್ಲಿ ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದವರು ಲೋಕಲ್ ರೈಲು ಹತ್ತಿ ರಿಚಿ ಸ್ಟ್ರೀಟ್‌ಗೆ ಹೋಗುತ್ತಾರೆ, ಬೆಂಗಳೂರಿನವರು ಎಸ್.ಪಿ. ರಸ್ತೆಗೆ ಹೋಗುವ ಹಾಗೆ. ಅಂಗಡಿಯಲ್ಲಿ ಕೇಳುವ ಮೊದಲ ಮಾತು: ಇಂಟೆಲ್ಲೋ, ಎಎಂಡಿಯೋ?

ಈ ಪ್ರಶ್ನೆಗೆ ಮತ್ತೆ ಜೀವ ಬಂದದ್ದು 2017ರಲ್ಲಿ. ಅದರ ಹಿಂದಿನ ವರ್ಷ ಇಂಟೆಲ್ ತನ್ನ ಎಂಟು ಕೋರ್‌ಗಳ ಐ7-6900ಕೆ ಪ್ರೊಸೆಸರ್‌ಗೆ 1,089 ಡಾಲರ್ ಇಟ್ಟಿತ್ತು. ಮಾರ್ಚ್ 2017ರಲ್ಲಿ ಎಎಂಡಿ ಅಷ್ಟೇ ಕೋರ್‌ಗಳ ರೈಜೆನ್ 7 1800ಎಕ್ಸ್ ಅನ್ನು 499ಕ್ಕೆ ತಂದಿತು. ತುಸು ನಿಧಾನದ 1700 ಇನ್ನೂ ಅಗ್ಗ, 329. ಕೋರೊಂದಕ್ಕೆ 136 ಡಾಲರ್ ಇದ್ದದ್ದು 62ಕ್ಕೆ, 41ಕ್ಕೆ ಇಳಿಯಿತು. ಆ ಜನವರಿಯಲ್ಲಿ ನಾಲ್ಕು ಕೋರ್‌ಗೆ 339 ಡಾಲರ್ ಕೇಳಿದ್ದ ಇಂಟೆಲ್ ಅಕ್ಟೋಬರ್ ಹೊತ್ತಿಗೆ 359ಕ್ಕೆ ಆರು ಕೊಡತೊಡಗಿತು. ಸ್ವಾರಸ್ಯ ಇರುವುದು 2019ರಲ್ಲಿ. 18 ಕೋರ್‌ಗಳ ಐ9ರ ಬೆಲೆ ಒಂದೇ ವರ್ಷದಲ್ಲಿ 1,979ರಿಂದ 979ಕ್ಕೆ ಬಿತ್ತು. ಅದೇ 14 ನ್ಯಾನೋಮೀಟರ್ ತಂತ್ರಜ್ಞಾನ, ಅಷ್ಟೇ ಕೋರ್. ತಯಾರಿಕೆಯ ಖರ್ಚೇನೂ ಅರ್ಧವಾಗಿರಲಿಲ್ಲ.

ಹಾಗೆಂದು ಎಎಂಡಿಯನ್ನು ಬಡವರ ಬಂಧು ಅನ್ನಲಾಗದು. ಜುಲೈ 2019ರ ಆರು ಕೋರ್‌ಗಳ ರೈಜೆನ್ 5 3600ಕ್ಕೆ 199 ಡಾಲರ್. ಓಟದಲ್ಲಿ ಇಂಟೆಲ್ ಹಿಂದೆ ಬಿದ್ದ ಮೇಲೆ, ನವೆಂಬರ್ 2020ರಲ್ಲಿ ಬಂದ ಆರು ಕೋರ್‌ಗಳ 5600ಎಕ್ಸ್‌ಗೆ 299. ಅಗ್ಗದ ತಮ್ಮನೇ ಇಲ್ಲ! ಇಂಟೆಲ್ 2022ರ ಜನವರಿಯಲ್ಲಿ ಐ5-12400 ಅನ್ನು 192ಕ್ಕೆ ತಂದ ಮೇಲಷ್ಟೇ, ಏಪ್ರಿಲ್‌ನಲ್ಲಿ, 199ರ 5600 ಹೊರಬಂತು.

ಈ ನೂರು ಡಾಲರ್ ನಮ್ಮ ಜೇಬಿಗೆ ಎಷ್ಟು? ಪ್ರೊಸೆಸರ್‌ಗೆ ಆಮದು ಸುಂಕವಿಲ್ಲ, ಜಿಎಸ್‌ಟಿ ಶೇ 18. ಡಾಲರ್‌ಗೆ 74 ರೂಪಾಯಿ ಹಿಡಿದರೆ 199ರ ಪ್ರೊಸೆಸರ್ 17,377 ರೂ., 299ರದ್ದು 26,109 ರೂ. ವ್ಯಾಪಾರಿಯ ಲಾಭ ಬೇರೆ. ವ್ಯತ್ಯಾಸದ 8,732 ರೂಪಾಯಿಗೆ ಆಗ ಒಂದು ಸಾಧಾರಣ ಮದರ್‌ಬೋರ್ಡ್ ಬರುತ್ತಿತ್ತು.

ಬಿಲ್ ಬರೆಯುವ ಮುನ್ನ ಅಂಗಡಿಯವ ಇನ್ನೊಂದು ಕೇಳುತ್ತಾನೆ: ಬಾಕ್ಸೋ, ಟ್ರೇಯೋ? ಟ್ರೇ ಎಂದರೆ ಡಬ್ಬಿಯಿಲ್ಲದ, ಫ್ಯಾನ್ ಇಲ್ಲದ ಮಾಲು. ವಾರಂಟಿ ಅಂಗಡಿಯವನ ಮಾತಿನ ಮೇಲೆ. ಡಬ್ಬಿಯ ಮಾಲಿಗೂ ಒಂದು ತಕರಾರಿತ್ತು. ಭಾರತದ ಅಧಿಕೃತ ವಿತರಕರಿಂದ ಕೊಂಡದ್ದಕ್ಕೆ ಮಾತ್ರ ಇಲ್ಲಿ ವಾರಂಟಿ ಎಂದು ಇಂಟೆಲ್ 2016ರಲ್ಲಿ ನಿಯಮ ಮಾಡಿತು. ಹೊರದೇಶದಲ್ಲಿ ಅಗ್ಗಕ್ಕೆ ಸಿಕ್ಕ ಅಸಲಿ ಮಾಲನ್ನು ತರಿಸಿ ಮಾರುವವರಿಗೆ ಇದು ಪೆಟ್ಟು. ದೂರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಹೋಗಿ, 2019ರಲ್ಲಿ ಆಯೋಗ ತನಿಖೆಗೆ ಆದೇಶಿಸಿತು. ಎದುರಾಳಿ ಕಂಪನಿಯಷ್ಟೇ ಅಲ್ಲ, ತನ್ನದೇ ಸರಕು ಬೇರೆ ದಾರಿಯಲ್ಲಿ ಬಂದರೂ ಬೆಲೆಗೆ ಅಪಾಯವೇ.

ದೊಡ್ಡ ಗಿರಾಕಿಯ ಲೆಕ್ಕ ಬೇರೆ. ತಮಿಳುನಾಡು ಸರ್ಕಾರ 2025-26ರ ಬಜೆಟ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳ ಸಾಧನಗಳಿಗೆಂದು 2,000 ಕೋಟಿ ರೂ. ಇಟ್ಟಿತು. ಮೊದಲ ಹಂತದ 10 ಲಕ್ಷ ಲ್ಯಾಪ್‌ಟಾಪ್‌ಗೆ ಭಾಗಿಸಿದರೆ ತಲಾ 20,000. ಟೆಂಡರಿನಲ್ಲಿ ಇಂಟೆಲ್ ಐ3 ಅಥವಾ ರೈಜೆನ್ 3, ಯಾವುದಾದರೂ ಆದೀತು ಎಂದಿತ್ತು. ಆ ‘ಅಥವಾ’ದಿಂದ ಲ್ಯಾಪ್‌ಟಾಪ್‌ಗೆ ಬರೀ 500 ರೂಪಾಯಿ ಉಳಿದರೂ ಬೊಕ್ಕಸಕ್ಕೆ 50 ಕೋಟಿ.