ಮೊದಲ ಬಟ್ಟಲು ಕಡೆಯುವ ಮುನ್ನ

ನಿವೃತ್ತಿಯ ನಂತರ ಹೊತ್ತು ಕಳೆಯುವುದು ಹೇಗೆ ಎಂಬ ಪ್ರಶ್ನೆಗೆ ಕೆಲವರು ಒಳ್ಳೆಯ ಉತ್ತರ ಕಂಡುಕೊಂಡಿದ್ದಾರೆ. ಕಾರ್ ಶೆಡ್ಡಿನಲ್ಲೋ ತಾರಸಿಯ ಕೋಣೆಯಲ್ಲೋ ಚಿಕ್ಕ ಲೇತ್ ಯಂತ್ರ ಇಟ್ಟುಕೊಂಡು ಮರ ಕಡೆಯಲು ಕಲಿಯುತ್ತಾರೆ. ಬುಗುರಿ, ಲಟ್ಟಣಿಗೆಗಳಲ್ಲಿ ಕೈ ಪಳಗುವ ಮೊದಲೇ ಮನಸ್ಸು ಮರದ ಬಟ್ಟಲಿನತ್ತ ಓಡುತ್ತದೆ. ಅಜ್ಜಿಯ ಅಡುಗೆಮನೆಯಲ್ಲಿ ಮರಿಗೆ ಕಂಡವರಿಗೆ ಈ ಆಸೆ ಸಹಜವೇ.

ಕೈ, ಕಣ್ಣು, ಮನಸ್ಸು ಮೂರನ್ನೂ ಒಂದೆಡೆ ನಿಲ್ಲಿಸುವ ಹವ್ಯಾಸ ಆರೋಗ್ಯಕ್ಕೆ ಒಳ್ಳೆಯದು. ಆದರೆ ಬಟ್ಟಲು ಸಿದ್ಧವಾಗುವ ಮೊದಲೇ ವೈದ್ಯರ ಬಳಿ ಬರುವವರೂ ಉಂಟು. ಅರವತ್ತು ದಾಟಿದ ನಿವೃತ್ತ ಉಪಾಧ್ಯಾಯರೊಬ್ಬರು ಹಣೆಗೆ ಟವೆಲ್ ಒತ್ತಿಕೊಂಡು ನನ್ನಲ್ಲಿಗೆ ಬಂದಿದ್ದರು. ತಿರುಗುತ್ತಿದ್ದ ಮರದ ತುಂಡು ತಿರುಪುಗಳನ್ನು ಕಿತ್ತುಕೊಂಡು ಹಾರಿ ಬಡಿದಿತ್ತು. ಹೃದಯದ ತೊಂದರೆಗೆ ಆಸ್ಪಿರಿನ್ ಸೇವಿಸುತ್ತಿದ್ದುದರಿಂದ ರಕ್ತ ಬೇಗ ನಿಲ್ಲಲಿಲ್ಲ. ಆರು ಹೊಲಿಗೆ ಬಿದ್ದವು. ಪೆಟ್ಟು ಒಂದಂಗುಲ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು.

ಬಟ್ಟಲು ಏಕೆ ಕಠಿಣ?

ಲಟ್ಟಣಿಗೆಯಲ್ಲಿ ಮರದ ಎಳೆಗಳು ಉದ್ದಕ್ಕೆ ಸಾಗಿರುತ್ತವೆ. ಉಳಿ ಸಲೀಸಾಗಿ ಹೆರೆಯುತ್ತದೆ. ಬಟ್ಟಲಿಗೆ ಸಾಮಾನ್ಯವಾಗಿ ಮರವನ್ನು ಅಡ್ಡ ಕೂರಿಸುತ್ತಾರೆ. ಪ್ರತಿ ಸುತ್ತಿನಲ್ಲೂ ಉಳಿಗೆ ಎರಡು ಬಾರಿ ಎಳೆಯ ಪಕ್ಕ, ಎರಡು ಬಾರಿ ಎಳೆಯ ತುದಿ ಎದುರಾಗುತ್ತದೆ. ಉಳಿಯ ಕೋನ ಸ್ವಲ್ಪ ತಪ್ಪಿದರೂ ಅದರ ಮೂತಿ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಆಗ ಉಳಿ ಕೈಯಿಂದ ಹಾರಬಹುದು, ಇಲ್ಲವೇ ಮರವೇ ಹಾರಬಹುದು.

ಆರು ಅಂಗುಲ ಅಗಲದ ತುಂಡು ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 29 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮೊದಲ ಪ್ರಯತ್ನಕ್ಕೆ ಬಿರುಕು, ಗಂಟು ಇಲ್ಲದ, ಐದಾರು ಅಂಗುಲದ ಚಿಕ್ಕ ತುಂಡು ಸಾಕು. ಮೂಲೆಗಳನ್ನು ಮೊದಲೇ ಗರಗಸದಿಂದ ಕತ್ತರಿಸಿ ದುಂಡು ಮಾಡಿಕೊಳ್ಳಿ. ತಿರುಪುಗಳು ಗಟ್ಟಿಯಾಗಿ, ಸಾಕಷ್ಟು ಆಳಕ್ಕೆ ಇಳಿದಿರಲಿ. ಯಂತ್ರ ಚಾಲೂ ಮಾಡುವ ಮುನ್ನ ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲಿಯೂ ತಗುಲುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅತಿ ಕಡಿಮೆ ವೇಗದಲ್ಲೇ ಆರಂಭಿಸಿ; ಸ್ವಿಚ್ ಒತ್ತುವಾಗ ಮರದ ನೇರಕ್ಕೆ ನಿಲ್ಲದೆ ಬದಿಗೆ ಸರಿದು ನಿಲ್ಲಿ.

ಕಣ್ಣು, ಉಡುಪು

ಓದುವ ಕನ್ನಡಕ ರಕ್ಷಣೆಯಲ್ಲ. ಗಲ್ಲದವರೆಗೆ ಮುಖ ಮುಚ್ಚುವ, ಪೆಟ್ಟು ತಡೆಯುವ ಪಾಲಿಕಾರ್ಬೊನೇಟ್ ಮುಖಗವಚ ಬೇಕು. ಕಣ್ಣಿನ ಪೊರೆ ಬಂದು ಆಳ, ದೂರ ಸರಿಯಾಗಿ ತಿಳಿಯದಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ.

ಸೀರೆಯ ಸೆರಗು, ದುಪಟ್ಟಾ, ಹೆಗಲ ಮೇಲಿನ ಟವೆಲ್, ಬಿಚ್ಚುಗೂದಲು, ಕೊರಳ ಸರ, ಉಂಗುರ, ಸಡಿಲ ತೋಳಿನ ಅಂಗಿ ಯಾವುದೂ ತಿರುಗುವ ಮರದ ಬಳಿ ಬರಕೂಡದು. ಕೈಗವಸು ಹಾಕಿದರೆ ಕ್ಷೇಮವೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಗವಸು ಮರಕ್ಕೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಇಲ್ಲಿ ಬರಿಗೈಯೇ ಸುರಕ್ಷಿತ.

ಕಾಣದ ಶತ್ರು

ಸುರುಳಿ ಸುರುಳಿಯಾಗಿ ಬೀಳುವ ಹೆರೆತದಿಂದ ಭಯವಿಲ್ಲ. ಬಟ್ಟಲಿನ ಆಕಾರ ಬಂದ ಮೇಲೆ ಉಪ್ಪುಕಾಗದದಿಂದ ಉಜ್ಜುವಾಗ ಏಳುವ ಸಣ್ಣ ಧೂಳೇ ನಿಜವಾದ ಶತ್ರು. ಯಂತ್ರ ನಿಂತ ಮೇಲೂ ಅದು ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮೂಗು ಮತ್ತು ಅದರ ಸುತ್ತಲಿನ ಕುಳಿಗಳಿಗೆ ತಗುಲುವ ಕ್ಯಾನ್ಸರ್ ಇದು. ವರ್ಷಗಟ್ಟಲೆ ಧೂಳು ಕುಡಿದ ಕೆಲಸಗಾರರಲ್ಲಿ ಕಂಡುಬಂದದ್ದೇ ಹೊರತು ಒಂದು ಬಟ್ಟಲಿನಿಂದ ಬರುವುದಲ್ಲ, ಗಾಬರಿ ಬೇಡ.

ಆದರೆ ಆಸ್ತಮಾ, ಚರ್ಮದ ಅಲರ್ಜಿ ಇಷ್ಟು ಕಾಯುವುದಿಲ್ಲ. ಬೀಟೆ, ತೇಗದ ಧೂಳು ಕೆಲವರ ಮುಂಗೈ, ಕತ್ತು, ರೆಪ್ಪೆಗಳಲ್ಲಿ ತುರಿಕೆ, ಗಂದೆ ಎಬ್ಬಿಸುತ್ತದೆ. ಹಗಲು ಮರ ಉಜ್ಜಿದವರಿಗೆ ರಾತ್ರಿ ಕೆಮ್ಮು, ಎದೆ ಬಿಗಿತ ಬರಬಹುದು. ಕೆಲಸ ಬಿಟ್ಟ ದಿನಗಳಲ್ಲಿ ಅದು ಕಡಿಮೆಯಾದರೆ ಧೂಳನ್ನೇ ಶಂಕಿಸಿ ವೈದ್ಯರಿಗೆ ತಿಳಿಸಿ.

ಕರವಸ್ತ್ರ ಕಟ್ಟಿಕೊಂಡರೆ ಈ ಧೂಳು ನಿಲ್ಲದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಗಡ್ಡವಿದ್ದರೆ ಅದರ ಅಂಚಿನಲ್ಲಿ ಗಾಳಿ ಸೋರುತ್ತದೆ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ಮುನ್ನ ಬಟ್ಟೆ ಬದಲಿಸಿ.

ಹಿಡಿತ ಮತ್ತು ನಿಲುವು

ಹೊಸಬರು ಭಯದಿಂದ ಉಳಿಯನ್ನು ಬಿಗಿಹಿಡಿಯುತ್ತಾರೆ. ಅರ್ಧ ಗಂಟೆಯಲ್ಲಿ ಮೊಣಕೈ ನೋವು, ಬೆರಳಲ್ಲಿ ಜೋಮು. ಉಳಿ ಮೊಂಡಾಗಿದ್ದರೆ ಇನ್ನೂ ಹೆಚ್ಚು ಬಲ ಬೇಕಾಗುತ್ತದೆ. ಮೊಂಡು ಉಳಿಯೇ ಹೆಚ್ಚು ಅಪಾಯಕಾರಿ. ಲೇತಿನ ನಡು ಅಚ್ಚು ನಿಮ್ಮ ಮೊಣಕೈ ಎತ್ತರಕ್ಕಿರಲಿ. ಉಳಿಯ ಹಿಡಿ ಮೈಗೆ ತಾಗಿರಲಿ. ಬರೀ ತೋಳಿನಿಂದಲ್ಲ, ಸೊಂಟದಿಂದ ಮೈ ತೂಗುತ್ತ ಹೆರೆಯಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿ.

ಯಾರು ಜಾಗ್ರತೆ ವಹಿಸಬೇಕು?

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಲೇತ್ ಮುಂದೆ ನಿಲ್ಲಬಾರದು. ಬೆರಳ ತುದಿಯ ಸ್ಪರ್ಶಜ್ಞಾನ ಕುಂದಿದವರು ಮತ್ತಷ್ಟು ಎಚ್ಚರದಿಂದಿರಬೇಕು. ನೆಗಡಿ, ಅಲರ್ಜಿಗೆ ಮಂಪರು ತರಿಸುವ ಮಾತ್ರೆ ನುಂಗಿದ ದಿನ ಕೆಲಸಕ್ಕೆ ರಜೆ ಕೊಡಿ. ರಕ್ತ ತೆಳುಗೊಳಿಸುವ ಔಷಧಿಯಲ್ಲಿರುವವರು ಬಟ್ಟಲಿಗಾಗಿ ಮಾತ್ರೆ ನಿಲ್ಲಿಸುವುದು ಬೇಡ. ಒಬ್ಬರೇ ಇರುವಾಗ ಯಂತ್ರ ನಡೆಸದಿದ್ದರೆ ಸಾಕು.

ಗಾಯವಾದರೆ

ಶುಭ್ರ ಬಟ್ಟೆಯಿಂದ ಗಾಯವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಕೈ ಮೇಲೆತ್ತಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ಕಣ್ಣಿಗೆ ಚೂರು ಚುಚ್ಚಿದ್ದರೆ ಉಜ್ಜಬೇಡಿ, ಕೀಳಬೇಡಿ, ತೊಳೆಯಬೇಡಿ; ಕಣ್ಣಿನ ಮೇಲೆ ಒತ್ತಡ ಬೀಳದಂತೆ ಕಾಗದದ ಲೋಟವೊಂದನ್ನು ಮುಚ್ಚಿ ತಕ್ಷಣ ಕಣ್ಣಾಸ್ಪತ್ರೆಗೆ ಹೋಗಿ. ಬೆರಳು ತುಂಡಾದರೆ ಅದನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರ ತಾಗಬಾರದು. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ಕಳೆದಿದ್ದರೆ ಲೇತ್ ಕೊಳ್ಳುವ ಮೊದಲೇ ಹಾಕಿಸಿಕೊಳ್ಳಿ.

ಊಟಕ್ಕೆ ಬಳಸುವ ಬಟ್ಟಲಾದರೆ ಮರದ ಆಯ್ಕೆಯಲ್ಲೂ ಎಚ್ಚರವಿರಲಿ. ಕಣಗಿಲೆ ವಿಷಕಾರಿ. ಹುಳು ಹತ್ತದಂತೆ ರಾಸಾಯನಿಕ ಕುಡಿಸಿದ ಹಳೆಯ ರೈಲ್ವೆ ಸ್ಲೀಪರ್‌ಗಳೂ ಬೇಡ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳು ಬೊಂಬೆಗೆ ಹಾಲೆ ಮರವನ್ನು ಆರಿಸಿಕೊಂಡದ್ದು ಅದರ ಮೃದುತನಕ್ಕೆ, ನಯವಾದ ಎಳೆಗೆ. ಸಾಧ್ಯವಾದರೆ ಅಲ್ಲಿಗೆ ಹೋಗಿ ಪಳಗಿದ ಕೈಯೊಂದನ್ನು ಅರ್ಧ ದಿನ ಗಮನಿಸಿ. ಉಳಿ ಎಷ್ಟು ಹಗುರಾಗಿ ಮರವನ್ನು ಮುಟ್ಟುತ್ತದೆ, ಆತುರ ಹೇಗೆ ಇಲ್ಲವೇ ಇಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ.

ಮೊದಲ ಬಟ್ಟಲು ಸೊಟ್ಟಗಿರಬಹುದು, ತಳ ತೂತಾಗಲೂಬಹುದು. ಚಿಂತೆಯಿಲ್ಲ, ಮರ ಇನ್ನೊಂದು ಸಿಗುತ್ತದೆ. ಕಣ್ಣು, ಬೆರಳು ಸಿಗುವುದಿಲ್ಲ.