ಸೊಪ್ಪಿನ ಸತ್ವ, ಎದೆಯ ಗಂಟು

ಹೊಲಕ್ಕೆ ಹಾಕಿದ ಗೊಬ್ಬರ ಬೆಳೆಯಲ್ಲಿ ಕಾಣುತ್ತದೆ. ಹಾಗೆಯೇ ನಾವು ತಿಂದ ಆಹಾರ ನಮ್ಮ ರಕ್ತದಲ್ಲಿ ಕಾಣುತ್ತದೆ. ಹೇಗೆ ಅಂತೀರಾ?

ನುಗ್ಗೆ ಸೊಪ್ಪು, ಹರಿವೆ ಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಪರಂಗಿ ಹಣ್ಣು. ಇವುಗಳಲ್ಲಿ ಬಣ್ಣದ ಸತ್ವ ಇದೆ. ಡಾಕ್ಟರು ಇದನ್ನು ಕೆರೊಟಿನಾಯ್ಡ್ ಅಂತಾರೆ. ನಮ್ಮ ದೇಹ ಇದನ್ನು ತಾನೇ ತಯಾರಿಸಲಾರದು. ತಿಂದರೆ ಮಾತ್ರ ರಕ್ತಕ್ಕೆ ಸೇರುತ್ತದೆ. ರಕ್ತ ಪರೀಕ್ಷೆ ಮಾಡಿ ಇದನ್ನು ಅಳೆಯಬಹುದು.

ಅಮೆರಿಕ ದೇಶದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. 1989 ಮತ್ತು 1990ರಲ್ಲಿ ಸುಮಾರು 33 ಸಾವಿರ ನರ್ಸುಗಳು ರಕ್ತ ಕೊಟ್ಟರು. ಅದನ್ನು ಕೆಡದಂತೆ ತಣ್ಣಗೆ ಇಟ್ಟರು. ಮುಂದೆ 20 ವರ್ಷ ಅವರ ಆರೋಗ್ಯ ಗಮನಿಸಿದರು. ಕೆಲವರಿಗೆ ಸ್ತನ ಕ್ಯಾನ್ಸರ್ ಬಂತು. ಅವರ ಹಳೆಯ ರಕ್ತವನ್ನು ರೋಗ ಬಾರದವರ ರಕ್ತದ ಜೊತೆ ಹೋಲಿಸಿದರು.

ಏನು ಕಂಡಿತು? ಬಣ್ಣದ ಸತ್ವ ತೀರಾ ಕಡಿಮೆ ಇದ್ದ ಗುಂಪಿನಲ್ಲಿ 100 ಜನಕ್ಕೆ ರೋಗ ಬಂತು ಅನ್ನೋಣ. ಸತ್ವ ಹೆಚ್ಚು ಇದ್ದ ಅಷ್ಟೇ ದೊಡ್ಡ ಗುಂಪಿನಲ್ಲಿ ಸುಮಾರು 75ರಿಂದ 80 ಜನಕ್ಕೆ ಬಂತು. ಸೊಪ್ಪೇ ರೋಗ ತಡೆಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಇದು ಒಳ್ಳೆಯ ಸುಳಿವು.

ಹಾಗಾದರೆ ಸತ್ವದ ಮಾತ್ರೆ ನುಂಗಿದರೆ ಆಯ್ತಲ್ಲ? ಇಲ್ಲ, ಹಾಗೆ ಮಾಡಬಾರದು. ಫಿನ್‌ಲೆಂಡ್ ದೇಶದಲ್ಲಿ ಸಿಗರೇಟು ಸೇದುವ ಗಂಡಸರಿಗೆ ಇಂಥ ಒಂದು ಸತ್ವದ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಹೆಚ್ಚಾಯಿತು! ಸತ್ವ ತಟ್ಟೆಯಿಂದ ಬರಲಿ, ಡಬ್ಬಿಯಿಂದ ಬೇಡ.

ನಮ್ಮ ಮನೆಗಳಲ್ಲಿ ಹೆಂಗಸರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತೇವೆ. ಅಷ್ಟರಲ್ಲಿ ಪಲ್ಯದ ಪಾತ್ರೆ ಖಾಲಿ. ಇನ್ನು ಮುಂದೆ ನಮ್ಮ ಪಾಲನ್ನೂ ಮೊದಲೇ ತೆಗೆದಿಡೋಣ. ಸೊಪ್ಪಿಗೆ ಸ್ವಲ್ಪ ಎಣ್ಣೆಯ ಒಗ್ಗರಣೆ ಇರಲಿ. ಎಣ್ಣೆ ಇದ್ದರೆ ಬಣ್ಣದ ಸತ್ವ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ.

ಇನ್ನೊಂದು ಮಾತು ಮರೆಯಬಾರದು. ಸತ್ವ ಹೆಚ್ಚು ಇದ್ದವರಿಗೂ ರೋಗ ಬಂತು, ಅಲ್ವೇ? ಆದ್ದರಿಂದ "ನಾನು ಸೊಪ್ಪು ತಿಂತೀನಿ, ನನಗೇನೂ ಆಗಲ್ಲ" ಎಂದು ಸುಮ್ಮನಿರಬಾರದು. ಸತ್ವ ಅಳೆಯುವ ರಕ್ತ ಪರೀಕ್ಷೆ ಎದೆಯ ಗಂಟನ್ನು ತೋರಿಸುವುದಿಲ್ಲ.

ಸ್ತನದಲ್ಲಿ ಗಂಟು, ಚರ್ಮ ಒಳಕ್ಕೆ ಎಳೆದಂತೆ ಆಗುವುದು, ತೊಟ್ಟಿನಿಂದ ರಕ್ತ. ಇವುಗಳಲ್ಲಿ ಯಾವುದು ಕಂಡರೂ ಬೇಗ ಡಾಕ್ಟರಿಗೆ ತೋರಿಸಬೇಕು. ಶುರುವಿನಲ್ಲಿ ಹೆಚ್ಚಾಗಿ ನೋವು ಇರುವುದಿಲ್ಲ. ನೋವಿಲ್ಲ ಎಂದು ಕಾಯಬಾರದು. ನಾಚಿಕೆಯಿಂದ ಮುಚ್ಚಿಡಬಾರದು. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿದ್ದರೂ ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

30 ವರ್ಷ ದಾಟಿದ ಹೆಂಗಸರ ಸ್ತನ ತಪಾಸಣೆಗೆ ಸರ್ಕಾರದ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳೋಣ. ಆರೋಗ್ಯ ಕೇಂದ್ರಕ್ಕೆ ಒಬ್ಬರೇ ಹೋಗಲು ಹಿಂಜರಿಕೆಯೇ? ನಾಲ್ಕು ಜನ ಸೇರಿ ಹೋಗೋಣ. ಈ ಪಾಠವನ್ನು ಪಕ್ಕದ ಮನೆಯ ಅಕ್ಕನಿಗೂ ಓದಿ ಹೇಳೋಣ.