ಗಾಜಿಗೆ ಉಸಿರು ತುಂಬಿದ ಡೇಲ್ ಚಿಹುಲಿ

ಗಾಜೆಂದರೆ ಬಳೆ, ಲೋಟ, ಕಿಟಕಿ ಎಂದಷ್ಟೇ ತಿಳಿದವರಿಗೆ ಅಮೆರಿಕದ ಶಿಲ್ಪಿ ಡೇಲ್ ಚಿಹುಲಿ ಅವರ ಕೃತಿಗಳು ಬೆರಗು ಹುಟ್ಟಿಸುತ್ತವೆ. ಲಾಸ್ ವೇಗಸ್ ನಗರದ ಬೆಲಾಜಿಯೊ ಹೊಟೇಲಿನ ಛಾವಣಿಯಿಂದ ಇಳಿಬಿದ್ದಿರುವ 1998ರ 'ಫಿಯೋರಿ ದಿ ಕೊಮೊ' ಕೃತಿಯಲ್ಲಿ ಊದಿ ರೂಪಿಸಿದ ಗಾಜಿನ ಹೂಗಳು 2,000ಕ್ಕೂ ಅಧಿಕ. ಆದರೆ ಆ ವೇಳೆಗೆ ಚಿಹುಲಿ ಅವರು ಸ್ವತಃ ಗಾಜು ಊದುವುದನ್ನು ನಿಲ್ಲಿಸಿ ಎರಡು ದಶಕಗಳೇ ಸಮೀಪಿಸಿದ್ದವು!

ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ 1941ರ ಸೆಪ್ಟೆಂಬರ್ 20ರಂದು ಜನಿಸಿದ ಅವರು ಹರೆಯದಲ್ಲೇ ಕಷ್ಟ ಕಂಡವರು. 1957ರಲ್ಲಿ ನೌಕಾಪಡೆಯ ವಿಮಾನ ತರಬೇತಿಯ ವೇಳೆ ಸಂಭವಿಸಿದ ಅಪಘಾತದಲ್ಲಿ ಅಣ್ಣ ತೀರಿಕೊಂಡರು. ಮರುವರ್ಷ ತಂದೆಯೂ ಹೃದಯಾಘಾತದಿಂದ ಅಗಲಿದರು. ತಾಯಿ ವಯೋಲಾ ದುಡಿದು ಸಂಸಾರ ನಡೆಸಿ, ಮಗ ಕಾಲೇಜು ಸೇರುವಂತೆ ಒತ್ತಾಯಿಸಿದರು. ಒಳಾಂಗಣ ವಿನ್ಯಾಸ ಕಲಿತ ಚಿಹುಲಿ 1965ರಲ್ಲಿ ಗಾಜು ಕರಗಿಸಿ, ಲೋಹದ ಕೊಳವೆಯಿಂದ ಮೊದಲ ಗುಳ್ಳೆ ಊದಿದರು. ಮುಂದಿನ ಓದಿನ ಖರ್ಚಿಗಾಗಿ ಅಲಾಸ್ಕದಲ್ಲಿ ಮೀನುಗಾರಿಕೆ ಮಾಡಿದರು. ಬಳಿಕ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಹಾರ್ವೆ ಲಿಟಲ್‌ಟನ್ ಅವರ ಶಿಷ್ಯರಾದರು.

1968ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದೊಂದಿಗೆ ಇಟಲಿಗೆ ತೆರಳಿ, ವೆನಿಸ್ ಬಳಿಯ ಮುರಾನೊ ದ್ವೀಪದ ವೆನಿನಿ ಕಾರ್ಖಾನೆ ಸೇರಿದ್ದು ಅವರ ಬದುಕಿನ ಮಹತ್ವದ ಘಟ್ಟ. ಕಾದ ಗಾಜು ಜೇನಿನಂತೆ ಇಳಿಯುತ್ತದೆ. ಕೊಳವೆಯನ್ನು ಸದಾ ತಿರುಗಿಸುತ್ತಿರಬೇಕು, ಸಿದ್ಧವಾದ ವಸ್ತುವನ್ನು ಒಲೆಯಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಅವಸರವಾದರೆ ಬಿರುಕು ಖಂಡಿತ. ಮುರಾನೊದಲ್ಲಿ ಈ ಕೆಲಸವನ್ನು ಹಿರಿಯ ಕುಶಲಕರ್ಮಿಯೊಬ್ಬರ ಮುಂದಾಳತ್ವದಲ್ಲಿ ಹಲವರು ಒಟ್ಟಾಗಿ ಮಾಡುತ್ತಿದ್ದರು. ಈ ಸಾಮೂಹಿಕ ದುಡಿಮೆಯ ಪಾಠವನ್ನೇ ಅವರು ತವರಿಗೆ ಕೊಂಡೊಯ್ದರು. ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದುಕೊಂಡೇ, 1971ರಲ್ಲಿ ಕಲಾಪೋಷಕ ಹೌಬರ್ಗ್ ದಂಪತಿಯ ನೆರವಿನಿಂದ ವಾಷಿಂಗ್ಟನ್ ರಾಜ್ಯದಲ್ಲಿ ಪಿಲ್ಚಕ್ ಗಾಜು ಶಾಲೆಯನ್ನು ಹುಟ್ಟುಹಾಕಿದರು.

1976ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಅವರು ಎಡಗಣ್ಣಿನ ದೃಷ್ಟಿ ಕಳೆದುಕೊಂಡರು. 1979ರಲ್ಲಿ ಕಡಲ ಅಲೆಗಳಲ್ಲಿ ಆಡುವಾಗ ಭುಜದ ಕೀಲು ತಪ್ಪಿತು. ಭಾರವಾದ ಕೊಳವೆ ಹಿಡಿಯುವುದು ಅಸಾಧ್ಯವಾದಾಗ ಕೊಳವೆಯನ್ನು ಸಂಗಡಿಗರ ಕೈಗಿತ್ತು ತಾವು ಕುಂಚ ಹಿಡಿದರು. ಅವರು ಬಿಡಿಸಿದ ಬಣ್ಣದ ಚಿತ್ರಗಳೇ ತಂಡಕ್ಕೆ ದಾರಿದೀಪವಾದವು.

ಊದದವರು ಗಾಜಿನ ಶಿಲ್ಪಿ ಹೇಗಾದಾರು ಎಂಬ ಟೀಕೆ ಆಗಿನಿಂದಲೂ ಇದೆ. ಅದಕ್ಕೆ ಅವರ ಕೃತಿಗಳ ಗಾತ್ರವೇ ಉತ್ತರವೆನ್ನಬಹುದು. 1996ರಲ್ಲಿ ವೆನಿಸ್‌ನ ಕಾಲುವೆಗಳ ನಡುವೆ ತೂಗಿದ ಬೃಹತ್ ಗಾಜಿನ ಗೊಂಚಲುಗಳಾಗಲಿ, 2000ದ ಹೊತ್ತಿಗೆ ಜೆರುಸಲೇಮಿನ ಪುರಾತನ ಕೋಟೆಯಲ್ಲಿ ಹತ್ತು ಲಕ್ಷಕ್ಕೂ ಅಧಿಕ ಜನ ಕಂಡ ಪ್ರದರ್ಶನವಾಗಲಿ ಒಬ್ಬರ ಉಸಿರಿನಿಂದ ಆಗುವಂಥದ್ದಲ್ಲ. ಸಿಯಾಟಲ್‌ನಲ್ಲಿ 2012ರಲ್ಲಿ ಅವರ ಕೃತಿಗಳಿಗೆಂದೇ ಉದ್ಯಾನ ಸಹಿತ ವಸ್ತುಸಂಗ್ರಹಾಲಯ ತೆರೆಯಿತು.

ಹತ್ತು ಕೈ ಸೇರಿದರೆ ಏನಾಗುತ್ತದೆಂದು ಸಂಘ-ಸಂಸ್ಥೆಗಳಲ್ಲಿ ದುಡಿಯುವವರಿಗೆ ಹೇಳಬೇಕಿಲ್ಲ. ತಮ್ಮ ಕೈ ಸೋತ ದಿನವೂ ಕೆಲಸ ನಿಲ್ಲದಂತೆ ಇತರರನ್ನು ಸಿದ್ಧಗೊಳಿಸಿದ್ದೇ ಚಿಹುಲಿ ಅವರ ದೊಡ್ಡ ಸಾಧನೆ.